ಜೋಂಗಾಕ್ಕ ಹುಕ್ಕು ಕೂಡ್ಸಿದ್ದು

ಗಂಗಾವತಿ ಕಡಿ ಕಬ್ಬಿಣದ ಕೆಲಸ ಮಾಡೋ ಮೇಸ್ತ್ರಿಗಳಿಗೆ ಒಂದು ನಂಬಿಕಿ ಐತಿ. ಜಗತ್ತಿನಾಗ ಇರೋ ಎಲ್ಲಾ ಗಾಡಿನೂ ಮೂಲದಾಗ ಟ್ರ್ಯಾಕ್ಟರೇ, ಕೆಲವಕ್ಕ ಅದು ಇನ್ನೂ ಗೊತ್ತಾಗಿಲ್ಲ ಅಷ್ಟೇ. ಅವರದೇನು ತಪ್ಪು ಬಿಡ್ರಿ, ತುಂಗಭದ್ರಾ ಎಡದಂಡೆ ಕಾಲುವೆ ನೀರು, ಬತ್ತ, ರೈಸ್ ಮಿಲ್ಲು ಇಷ್ಟಿದ್ದ ಊರಾಗ ಟ್ರಾಲಿ, ಕೆಸರಗದ್ದಿಗೆ ಹಾಕೋ ಕೇಜ್ ವ್ಹೀಲು ಬಿಟ್ಟು ಬ್ಯಾರೆ ಏನು ರಿಪೇರಿಗೆ ಬರ್ಬೇಕು? ಅಂಥಾ ಊರಿಗೆ ನಮ್ಮ ಕಾಕಾ ಜೋಂಗಾ ತಂದ್ರು.

ಗೊತ್ತಿಲ್ಲದವರಿಗೆ ಹೇಳ್ತೀನಿ, ಜೋಂಗಾ ಅಂದ್ರ ನಿಸ್ಸಾನ್ ಪಟ್ರೋಲ್ ಗಾಡಿನ ನಮ್ಮ ಸೈನ್ಯಕ್ಕಂತ 1969ರಿಂದ ಜಬಲ್‌ಪುರದಾಗ ಮಾಡಿಸಿದ್ದು, ಜಬಲ್‌ಪುರ್ ಆರ್ಡ್‌ನೆನ್ಸ್ ಅಂಡ್ ಗನ್ ಕ್ಯಾರೇಜ್ ಅಸೆಂಬ್ಲಿ ಅನ್ನೋದು ಸಣ್ಣದಾಗಿ ಜೋಂಗಾ ಆತು. ಸೈನ್ಯದವರು ಸಾಕಾಗಿ ಹರಾಜಿಗೆ ಹಾಕಿದ ಮ್ಯಾಲ ಇವು ಕೈಯಿಂದ ಕೈಗೆ ಊರೂರು ತಿರುಗ್ತಾವ. 2019ರಾಗ ಧೋನಿ ರಾಂಚಿಯೊಳಗ ಜೋಂಗಾ ಓಡಿಸೋ ಫೋಟೋ ಬಂತಲ್ಲ, ಅವತ್ತಿಂದ ಕಾಕಾನ ತಲಿ ಕೆಟ್ಟಿತ್ತು. ಮೂಲ ಎಂಜಿನ್ ಆರು ಸಿಲಿಂಡರಿನ 3,956 ಸಿಸಿ ಪೆಟ್ರೋಲು, ಅದೇ ಇದ್ದಿದ್ರ ಅದಕ್ಕ ಕುಡಿಸಾಕ ಮಿಲ್ಲಿನ ಪಾಲು ಮಾರಬೇಕಾಗ್ತಿತ್ತು, ಪುಣ್ಯಕ್ಕ ಹಿಂದಿನ ಮಾಲಕ ಯಾವುದೋ ಟೆಂಪೋದ ಡೀಸೆಲ್ ಎಂಜಿನ್ ತಂದು ಕುಂದ್ರಿಸಿದ್ದ. ಬಣ್ಣದ್ದು ಇನ್ನೊಂದು ರಗಳೆ. ಆಲಿವ್ ಗ್ರೀನ್ ಮಿಲಿಟರಿಗೆ ಮೀಸಲು, ನಮ್ಮಂಥೋರು ಬಳಿಯಂಗಿಲ್ಲ ಅಂತ 1989ರ ಮೋಟಾರು ವಾಹನ ನಿಯಮದಾಗೇ ಐತಿ. ಕಾಕಾ ಪೇಂಟರಿಗೆ “ಆಲಿವ್ ಗ್ರೀನ್ ಅಲ್ಲ, ಆದ್ರ ಆಲಿವ್ ಗ್ರೀನ್ ಅನಸ್ಬೇಕು” ಅಂದ್ರು, ಅವ ಮೂರು ಡಬ್ಬಿ ಕಲಿಸಿ ಹಚ್ಚಿದ, ಒಣಗಿದ ಮ್ಯಾಲ ನೋಡಿದ್ರ ಗಾಡಿ ನಿನ್ನೆ ಮಾಡಿದ ಪುಂಡಿಪಲ್ಯ ಆಗಿತ್ತು.

ಸರಿ, ಹುಕ್ಕಿನ ವಿಷಯಕ್ಕ ಬರ್ತೀನಿ. ಕನಕಗಿರಿ ರೋಡಿನಾಗ ಕಾಕಾನ ಮಾವಿನ ತೋಟ ಐತಿ, ಕೊಪ್ಪಳದ ಕೇಸರ್ ಮಾವಿಗೆ ಈಗ ಹೆಸರು ಬಂದೈತಿ ಅಂತ ಸಸಿ ಹಚ್ಚ್ಯಾರ, ಬ್ಯಾಸಿಗ್ಯಾಗ ಸಾವಿರ ಲೀಟರಿನ ಸಣ್ಣ ಟ್ಯಾಂಕರಿನಾಗ ನೀರು ಒಯ್ಬೇಕು. ಮನ್ಯಾಗ ಟ್ರ್ಯಾಕ್ಟರ್ ಇಲ್ಲೇನು ಅಂತ ಕೇಳ್ಬ್ಯಾಡ್ರಿ. ಎರಡು ಅದಾವ. ಆದ್ರ ಕಾಕಾಗ ಜೋಂಗಾದಾಗೇ ಎಳಿಬೇಕು. ಅದರ ಹಿಂದ ಟ್ರೇಲರಿನ ಬಳೆ ಸಿಕ್ಕಿಸೋ ಮಿಲಿಟರಿಯವರ ಪಿಂಟಲ್ ಹುಕ್ಕು ಇರಬೇಕಿತ್ತು, ನಮ್ಮದನ್ನ ಯಾವನೋ ಬಿಚ್ಕೊಂಡು ಹೋಗಿ ಬರೇ ತೂತು ಬಿಟ್ಟಿದ್ದ. ಕಾಕಾ ರಾತ್ರಿಯೆಲ್ಲಾ ಮೊಬೈಲಿನಾಗ ಅಮೆರಿಕಾದವರ ವಿಡಿಯೋ ನೋಡಿ ರಿಸೀವರ್ ಹಿಚ್ಚೇ ಬೇಕು ಅಂತ ಎದ್ರು. ಚಾಸಿಸ್ ಹಿಂದ ಅಡ್ಡ ಒಂದು ಬೀಮು, ಅದರ ನಡುವ ಒಳ ಅಳತಿ ಎರಡು ಇಂಚಿನ ಚೌಕ ಪೈಪು, ಆ ಪೈಪಿನಾಗ ಎರಡು ಇಂಚಿನ ಚೌಕ ರಾಡು ತುರುಕಿ, ಅಡ್ಡಕ್ಕ ಐದು ಸೂತದ ಪಿನ್ನು ಹಾಕೋದು, ಸೂತ ಅಂದ್ರ ಇಂಚಿನಾಗ ಎಂಟನೇ ಒಂದು ಪಾಲು. ಬೇಕಾದಾಗ ರಾಡು ಹಾಕು, ಬ್ಯಾಡಾದಾಗ ತಗದು ಒಳಗಿಡು. ಇದರ ಚಂದನೇ ಅದು, ತಗದಿಡಬಹುದು ಅನ್ನೋದು.

ಮೇಸ್ತ್ರಿ ವಿಡಿಯೋ ಪೂರ್ತಿ ನೋಡಿದ, ಎಲಿಅಡಿಕಿ ಉಗುಳಿ ಬಂದು ಅಂದ, “ಸಾವ್ಕಾರ್ರ, ಎರಡು ಪ್ಲೇಟು, ನಡುವ ಒಂದು ತೂತು, ಒಂದು ಪಿನ್ನು. ಸಂಜಿಕ ಗಾಡಿ ಒಯ್ರಿ.”

“ಅದು ಟ್ರ್ಯಾಕ್ಟರಿಂದು ಹುಕ್ಕಲೇ” ಅಂದ್ರು ಕಾಕಾ.

“ಟ್ರಾಲಿ ಎಳಿಯೋದು ಹೌದಲ್ರಿ ಮತ್ತ?”

ಇದಕ್ಕ ಕಾಕಾನ ಹತ್ರ ಉತ್ತರ ಇರಲಿಲ್ಲ, ಅದಕ್ಕ ಸಿಟ್ಟು ಬಂತು, ಸಿಟ್ಟಿನಾಗ ಅಡ್ವಾನ್ಸ್ ಕೊಟ್ಟುಬಿಟ್ರು.

ಮೊದಲನೇ ಜಗಳ ಪೈಪಿಂದು. ನಮ್ಮ ಅಂಗಡ್ಯಾಗ ಚೌಕ ಪೈಪು ಹೊರಗಿನ ಅಳತಿ ಲೆಕ್ಕದಾಗ ಮಾರ್ತಾರ, ಕಾಕಾಗ ಬೇಕಾಗಿದ್ದು ಒಳಗಿನ ಅಳತಿ. ಎರಡೂವರಿ ಇಂಚಿನ ಪೈಪು ಸಿಕ್ತು ಆದ್ರ ಗೋಡೆ ತೆಳು, ನಾಕೂವರಿ ಎಂಎಂ, ಹಂಗಾಗಿ ಒಳಗ 54 ಚಿಲ್ಲರೆ ಉಳಿತೈತಿ, 50ರ ರಾಡು ಅದರಾಗ ಹಾಕಿ ಅಲ್ಲಾಡಿಸಿದ್ರ ಓಣಿ ನಾಯಿಗಳೆಲ್ಲಾ ಎದ್ದು ಕುಂದ್ರಬೇಕು ಅಂಥಾ ಸಪ್ಪಳ. ಮ್ಯಾಲ ಇಂಥಾ ಪೈಪಿನ ಒಳಗ ಉದ್ದಕ್ಕ ಒಂದು ಬೆಸುಗಿ ಗೆರೆ ಎದ್ದಿರ್ತೈತಿ, ಅದನ್ನ ಅರದಿಂದ ತಿಕ್ಕಿ ತಗಿಬೇಕು. ಮೇಸ್ತ್ರಿ ಪೈಪನ್ನ ಬಿಸಾಕಿ, ಎರಡು ದಪ್ಪ ಆಂಗಲ್ ಎದುರಾಬದುರಾ ಇಟ್ಟು ಡಬ್ಬಿ ಹಂಗ ಬೆಸುಗಿ ಹಾಕಿದ. ಇದು ಮಾತ್ರ ಶಾಣ್ಯಾತನ, ಒಪ್ಪಬೇಕು. ಒಳಗ ಸಡಿಲ ಇದ್ದಲ್ಲೆಲ್ಲಾ ಪಟ್ಟಿ ಬಡದ. ಆಮ್ಯಾಲ ಹೊರಗೂ ಪಟ್ಟಿ ಬಡದ. ಯಾಕಪಾ ಅಂದ್ರ “ಸ್ಟ್ರಾಂಗ್ ಇರ್ಲಿ ಸಾವ್ಕಾರ್ರ.” ಬೀಮಿಗೆ ನಾಕು ಸೂತದ ಪ್ಲೇಟು ಸಾಕು ಅಂದ್ರ ಆರು ಸೂತದ್ದು ತಂದ. ಆರು ಸೂತ ಅಂದ್ರ ಮುಕ್ಕಾಲು ಇಂಚು, ಅದರಾಗ ರೈಲ್ವೆ ಬ್ರಿಜ್ ಕಟ್ಟಬಹುದು. “ಸ್ಟ್ರಾಂಗ್ ಇರ್ಲಿ.” ಮೂಲಿಗೆ ತ್ರಿಕೋನದ ಗಸೆಟ್ಟು, ಗಸೆಟ್ಟಿಗೆ ಆಸರ ಅಂತ ಇನ್ನೊಂದು ಗಸೆಟ್ಟು. ಈ ಮನುಷ್ಯಾಗ ಗಟ್ಟಿತನದ ಮ್ಯಾಲ ಇಷ್ಟು ಪ್ರೀತಿ ಯಾಕ ಅಂತ ನಮಗ ಆವಾಗ ಹೊಳಿಲಿಲ್ಲ.

ಎರಡನೇ ಜಗಳ ಬೋಲ್ಟಿಂದು. ಮೇಸ್ತ್ರಿಗೆ ಬೀಮನ್ನ ಸೀದಾ ಚಾಸಿಸ್‌ಗೆ ವೆಲ್ಡಿಂಗ್ ಮಾಡಾಕ ಕೈ ಕಡೀತಿತ್ತು. ಕಾಕಾ ಗಾಡಿ ಮುಂದ ಅಡ್ಡ ನಿಂತ್ರು. ಚಾಸಿಸ್‌ಗೆ ಶಾಖ ಹತ್ತಿದ್ರ ಅಲ್ಲಿನ ಉಕ್ಕಿನ ಗುಣ ಕೆಡ್ತೈತಿ, ಮುಂದ ಬೆಸುಗಿ ಪಕ್ಕದಾಗೇ ಸೀಳು ಬಿಡ್ತೈತಿ, ಹೊಸಾ ತೂತು ಹೊಡಿಯೋದೂ ಬ್ಯಾಡ, ಇದ್ದ ತೂತಿನಾಗೇ 8.8 ಗ್ರೇಡಿನ ಗಟ್ಟಿ ಉಕ್ಕಿನ ಬೋಲ್ಟ್ ಹಾಕು ಅಂದ್ರು. ಇದು ಖರೇ ಮಾತು. ಅಂಗಡ್ಯಾವ ಹೈಟೆನ್ಶನ್ ಬೋಲ್ಟು ಅಂತ ಮುಚ್ಚಳಿಕಿ ಬರಕೊಡೋ ಹಂಗ ಹೇಳಿ ಕೊಟ್ಟ, ಕಾಕಾ ಕನ್ನಡಕ ಏರಿಸಿ ಒಂದೊಂದರ ತಲಿ ಮ್ಯಾಲೂ 8.8 ಅಂತ ಹುಡಿಕಿದ್ರು, ಇರಲಿಲ್ಲ, ವಾಪಸ್ ಕೊಟ್ಟು ಹೊಸಪೇಟಿಂದ ತರಿಸಿದ್ರು. ಮೇಸ್ತ್ರಿ ಕೆಲಸದ ಹುಡುಗರಿಗೆ “ತಲಿ ಓದೋ ಸಾವ್ಕಾರ್ರು ಬಂದ್ರಲೇ” ಅನ್ನಾಕ ಸುರು ಮಾಡಿದ.

ಸೇಫ್ಟಿ ಚೈನಿನ ವಿಷಯಕ್ಕ ಮಾತ್ರ ಜಗಳ ಆಗಲಿಲ್ಲ. ಹುಕ್ಕು ಕಳಚಿದ್ರೂ ಟ್ಯಾಂಕರ್ ಬಿಟ್ಟು ಹೋಗಬಾರ್ದು ಅಂತ ಎರಡು ಚೈನು ಅಡ್ಡಡ್ಡ ಹಾಕ್ಬೇಕು. ಟ್ರಾಲಿಗೆ ಯಾರು ಚೈನ್ ಹಾಕ್ಯಾರ ಅಂತ ಮೇಸ್ತ್ರಿ ಬಾಯಿ ತಗಿಯೋದ್ರಾಗ ಚಾ ಕುಡಿಯಾಕ ಕುಂತಿದ್ದ ಅಜ್ಜ ಒಬ್ಬಾತ “ಹತ್ತೊಂಬತ್ತನೇ ಗೇಟು” ಅಂದ. ಅಷ್ಟೇ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 33 ಗೇಟಿನಾಗ ಆ ಒಂದರ ಚೈನ್ ಕಡದು ಗೇಟೇ ಕೊಚ್ಕೊಂಡು ಹೋಗಿತ್ತಲ್ಲ, ಡ್ಯಾಮ್ ಗೇಟಿನ ತಜ್ಞ ಕನ್ನಯ್ಯ ನಾಯ್ಡು ಅವರು ಬಂದು ಹರಿಯೋ ನೀರಿನಾಗೇ ಸ್ಟಾಪ್ ಲಾಗ್ ಅನ್ನೋ ಕಬ್ಬಿಣದ ಅಡ್ಡ ಹಲಗಿ ಇಳಿಸಿ ಮುಚ್ಚೋತನಕ ನಮ್ಮ ಕಡಿ ಬತ್ತದ ರೈತರ ಹೊಟ್ಟಿಗೆ ಅನ್ನ ಇಳದಿರಲಿಲ್ಲ. ಮೇಸ್ತ್ರಿ ಸುಮ್ಮನ ಎದ್ದು ಹೋಗಿ ಕೈ ಹೆಬ್ಬೆರಳು ಗಾತ್ರದ ಚೈನ್ ತಂದ. ಅದೂ ಉದ್ದಂದು.

ಇನ್ನು ಎಲ್ಲಾ ಮುಗೀತು ಅನ್ನೋವಾಗ ಆ ಆಂಗಲ್ ಡಬ್ಬಿ ಬಾಯಿಗೆ ಬಳೆ ಹಾಕೋದು ಉಳಿದಿತ್ತು, ಬಾಯಿ ಅಗಲಬಾರ್ದು ಅಂತ ಸುತ್ತ ಒಂದು ದಪ್ಪ ಪಟ್ಟಿ. ಬೆಸುಗಿ ಶಾಖಕ್ಕ ಆಕಾರ ಕೆಡಬಾರ್ದು ಅಂತ ಮೇಸ್ತ್ರಿ ರಾಡಿಗೆ ಗ್ರೀಸ್ ಬಳದು ಒಳಗ ತುರುಕಿ ಸುತ್ತಲೂ ಬೆಸುಗಿ ಹಾಕಿದ. ಗ್ರೀಸು ಹೊಗಿಯಾಗಿ ಹೋತು. ಬೆಸುಗಿ ಆರಿದಂಗ ಆರಿದಂಗ ಕಬ್ಬಿಣ ಕುಗ್ಗತೈತಿ, ಬಳೆ ಕುಗ್ಗಿ ರಾಡನ್ನ ಹಿಡೀತು ನೋಡ್ರಿ, ಆ ಹಿಡಿತ ಬಿಡಿಸಾಕ ಘನ ಬಡದ್ರು, ಜಾಕ್ ಹಚ್ಚಿದ್ರು, ಗ್ಯಾಸ್ ಕಾಸಿದ್ರು, ಒಬ್ಬ ಹುಡುಗ ಎರಡೂ ಕಾಲು ಬಂಪರಿಗೆ ಒದ್ದು ಜಗ್ಗಿ ಹಿಂದಕ ಬಿದ್ದ. ರಾಡು ಅಲುಗಲಿಲ್ಲ. ಮೇಸ್ತ್ರಿ ಬೆವರು ಒರಸ್ಕೊಂಡು ಬಹಳ ಸಮಾಧಾನದಿಂದ ಹೇಳಿದ, “ಇನ್ನ ಕಳ್ಳರು ಒಯ್ಯಂಗಿಲ್ರಿ.” ಹಂಗ ತಗದಿಡೋ ರಾಡು ಪರ್ಮನೆಂಟ್ ಆತು. ಅದರ ತುದಿಗೆ ಟ್ರೇಲರ್ ಕೂಡಿಸೋ ಉಕ್ಕಿನ ಗುಂಡು ಹಾಕಂದ್ರ, ಟ್ಯಾಂಕರಿನ ಮೂತಿಗೆ ಟ್ರ್ಯಾಕ್ಟರಿಗೆ ಹಾಕೋ ಬಳೆ ಐತಿ ಅಂತ ಎರಡು ಪ್ಲೇಟು, ನಡುವ ಒಂದು ತೂತು, ಒಂದು ಪಿನ್ನು ಹಾಕಿಕೊಟ್ಟ.

ಗಾಡಿ ಮನಿಗೆ ಬಂದ ಮ್ಯಾಲ ಆ ರಾಡು ಹಿಂದಕ ಒಂದು ಗೇಣು ಚಾಚ್ಕೊಂಡು ಸರಿಯಾಗಿ ಮೊಣಕಾಲ ಕೆಳಗಿನ ಎಲುಬಿನ ಎತ್ತರಕ್ಕ ನಿಂತಿತು. ಪೇಪರ್ ಹುಡುಗ, ಹಾಲಿನವ, ಬೀಗರು, ಕರೆಂಟ್ ಬಿಲ್ಲಿನವ, ಎಲ್ಲರೂ ನಮ್ಮನಿ ಮುಂದ ಒಂದೇ ರಾಗ ತಗದು ಒಂದೇ ಕಾಲಿನಾಗ ಕುಣದು ಹೋದ್ರು. ಕಾಕಿ ಅದಕ್ಕ ಹಳೇ ದಿಂಬಿನ ಕವರ್ ಹಾಕಿ ಹೊಲದ್ಲು, ಮಿಲಿಟರಿ ಗಾಡಿಗೆ ಹೂವಿನ ದಿಂಬು.

ಮೊದಲ ಸಲ ಎಳಿಯೋವತ್ತು ಕಾಕಾ ಟ್ಯಾಂಕರಿಗೆ ಅರ್ಧ ನೀರು ತುಂಬಿಸಿದ್ರು, ಟ್ರಯಲ್ ಅಲ್ಲೇನು, ಹಗುರ ಇರ್ಲಿ ಅಂತ. ಅರ್ಧ ತುಂಬಿದ ಟ್ಯಾಂಕು ಪೂರ್ತಿ ತುಂಬಿದ್ದಕ್ಕಿಂತ ಕೆಟ್ಟದ್ದು, ಬ್ರೇಕ್ ಹಾಕಿದ್ರ ನೀರು ಮುಂದಕ ಬಂದು ಗುದ್ದತೈತಿ, ಬಿಟ್ರ ಹಿಂದಕ ಹೋಗಿ ಜಗ್ಗತೈತಿ, ನಾನು ಪಕ್ಕದ ಸೀಟಿನಾಗ ಕುಂತು ತಲಿ ಆಡಿಸ್ತಾ ಎಲ್ಲದಕ್ಕೂ ಹೂಂ ಅಂದಂಗ ಕಾಣ್ತಿದ್ದೆ. ಊರು ದಾಟಿ ಸಣ್ಣ ರಸ್ತೆಕ ಇಳಿದ್ವಿ, ಎದುರಿಗೆ ಬತ್ತ ಕೊಯ್ಯೋ ಮಿಷನ್ ಬಂತು. ಅದು ರಸ್ತೆಕಿಂತ ಅಗಲ. ಅದು ಹಿಂದಕ ಹೋಗಂಗಿಲ್ಲ, ನಾವು ಹೋಗ್ಬೇಕು. ಟ್ರೇಲರ್ ರಿವರ್ಸ್ ತಗೊಳ್ಳಾಕ ಸ್ಟೇರಿಂಗು ಉಲ್ಟಾ ತಿರುಗಿಸ್ಬೇಕು, ಅದು ಕಾಕಾಗ ಗೊತ್ತು, ವಿಡಿಯೋ ನೋಡ್ಯಾರ. ಆದ್ರ ಸುತ್ತ ನಿಂತ ಜನ “ಬರ್ಲಿ ಬರ್ಲಿ, ರೈಟ್ ಕಟ್, ಅಯ್ಯಯ್ಯ ಲೆಫ್ಟ್ ಅಂದ್ನೆಲ್ರಿ, ಬರ್ಲಿ, ಹಾಂ ಹೋತು” ಅಂತ ಸಾಗಿಸೋದ್ರಾಗ ಟ್ಯಾಂಕರ್ ಮಡಚಿ ಜೋಂಗಾದ ಮಗ್ಗಲಿಗೆ ಬಂದು ಒರಗಿತು. ಮಿಷನ್ನಿಂದ ಒಬ್ಬ ಹುಡುಗ ಇಳದ, ಮೀಸಿ ಇನ್ನೂ ಪೂರ್ತಿ ಬಂದಿಲ್ಲ, ಹವಾಯಿ ಚಪ್ಪಲಿ. “ಕಾಕಾ ಸರೀರಿ” ಅಂದ, ಹತ್ತಿದ, ಒಂದೇ ಕೈಯಾಗ ತಿರುಗಿಸ್ತಾ ಇಡೀ ಗಾಡಿನ ಕಾಲುವೆ ಏರಿ ತನಕ ಹಿಂದಕ ಒಯ್ದು ನಿಲ್ಲಿಸಿ ಇಳದ. ಆಮ್ಯಾಲ ಹಿಂದ ಹೋಗಿ ಆ ಪ್ಲೇಟು, ಬಳೆ, ಗಸೆಟ್ಟು ಎಲ್ಲಾ ಬಗ್ಗಿ ನೋಡಿ, “ಇಷ್ಟು ಕಬ್ಬಿಣ ಯಾಕ್ರಿ, ಒಂದು ಪಿನ್ನು ಸಾಕಿತ್ತಲ್ಲ” ಅಂದ. ಕಾಕಾ ಊರು ಮುಟ್ಟೋತನಕ ಮಾತಾಡಲಿಲ್ಲ.

ಮಾತು ಬಂದಿದ್ದು ಬಿಲ್ಲು ಬಂದಾಗ. ನಮ್ಮ ಕಡಿ ಫ್ಯಾಬ್ರಿಕೇಶನ್ ಕೆಲಸಕ್ಕ ಕೆಜಿ ಲೆಕ್ಕ, ಇದು ಮಿಲ್ಲು ನಡೆಸೋ ಕಾಕಾಗ ಹುಟ್ಟಾ ಗೊತ್ತಿದ್ದ ಸಂಗತಿ, ಆದ್ರ ಜೋಂಗಾದ ನಶೆದಾಗ ಮರತಿದ್ರು. ಆವಾಗ ಆರು ಸೂತದ ಪ್ಲೇಟು, ಗಸೆಟ್ಟಿನ ಗಸೆಟ್ಟು, ಹೆಬ್ಬೆರಳಿನ ಚೈನು ಎಲ್ಲಾ ಒಂದೇ ಸಲಕ್ಕ ಅರ್ಥ ಆದ್ವು. “ತೂಗಿ ಕೊಡು” ಅಂದ್ರು ಕಾಕಾ. ತೂಗಬೇಕಂದ್ರ ಬಿಚ್ಚಬೇಕು, ಬಿಚ್ಚಿದ್ರ ಬಿಚ್ಚಿದ ಕೂಲಿ ಬ್ಯಾರೆ. ಕೊನೆಗೆ ಮೇಸ್ತ್ರಿನೇ ದಾರಿ ಹೇಳಿದ, “ನಿಮ್ಮ ಮಿಲ್ಲಿನ ಕಾಟಾ ಮ್ಯಾಲೇ ಗಾಡಿ ನಿಲ್ಲಿಸ್ರಿ ಸಾವ್ಕಾರ್ರ, ಆರ್‌ಸಿಯಾಗ ಖಾಲಿ ಗಾಡಿ ತೂಕ ಬರದಿರ್ತೈತಿ, ಅದು ಕಳದ್ರ ಉಳದಿದ್ದು ನಂದು.” ನಿಮ್ಮ ಕಾಟಾ ಅಂದ ಮ್ಯಾಲ ಬ್ಯಾಡ ಅನ್ನಂಗಿಲ್ಲ, ಊರ ರೈತರೆಲ್ಲಾ ಅದೇ ಕಾಟಾ ನಂಬಿ ಬತ್ತ ಹಾಕ್ತಾರ. ಲಾರಿ ತೂಗೋ ಕಾಟಾ ಅದು, ಹತ್ತು ಕೆಜಿಗೊಮ್ಮೆ ಜಿಗಿತೈತಿ. ಜೋಂಗಾ ಹತ್ತಿಸಿದ್ರು, ಚೀಟಿ ಬಂತು, ಮೇಸ್ತ್ರಿ ಕಳದ, ಗುಣಿಸಿದ, ಮುಂದ ಹಿಡದ. ಕಾಕಾ ಚರ್ಚೆ ಇಲ್ಲದ ಎಣಿಸಿ ಕೊಟ್ರು, ಅವ ಸ್ಕೂಟರ್ ಹತ್ತಿ ಹೋದ.

ಕಾಟಾದ ಹುಡುಗ ಆಮ್ಯಾಲ ಹತ್ರ ಬಂದು ಮೆಲ್ಲಕ ಕೇಳಿದ, “ಸಾವ್ಕಾರ್ರ, ತೂಗುವಾಗ ನೀವು ಗಾಡ್ಯಾಗಿಂದ ಇಳಿಬೇಕಿತ್ತಿಲ್ರಿ?”