ಕಲ್ಲು ನಮ್ಮದು, ಸೆರಗು ಸಾಲದಂತೆ!

ಒಮಾನಿನ ಮಸ್ಕತ್‌ಗೆ ಟಿಕೆಟ್ ಬುಕ್ ಆದ ದಿನದಿಂದ ನಮ್ಮ ಯಜಮಾನರು ಫ್ಯಾಮಿಲಿ ಗ್ರೂಪಿನಲ್ಲಿ ಹೆಂಗಸರಿಗೆ ರೂಲ್ಸ್ ಫಾರ್ವರ್ಡ್ ಮಾಡಿದ್ದೇ ಮಾಡಿದ್ದು. ಕಪ್ಪು ಬುರ್ಖಾ ಕಡ್ಡಾಯವಂತೆ, ರಸ್ತೆಯಲ್ಲೂ ತಲೆ ಮುಚ್ಚಬೇಕಂತೆ, ಲಿಪ್‌ಸ್ಟಿಕ್ ಹಚ್ಚಿದರೆ ಹಿಡಿದುಕೊಂಡು ಹೋಗುತ್ತಾರಂತೆ. ವರ್ಷಗಟ್ಟಲೆ ಅಲ್ಲೇ ಇರುವ ನಮ್ಮಣ್ಣ "ಹಾಗೇನೂ ಇಲ್ಲ ಭಾವ" ಅಂತ ಎರಡು ಸಲ ಬರೆದ. ಯಾರು ಕೇಳುತ್ತಾರೆ?

ಕೊನೆಗೆ ಸುಲ್ತಾನ್ ಖಾಬೂಸ್ ಗ್ರ್ಯಾಂಡ್ ಮಸೀದಿಯ ಬಾಗಿಲಲ್ಲಿ ಮೊದಲು ನಿಲ್ಲಿಸಿದ್ದು ಅವರನ್ನೇ. ಮುಕ್ಕಾಲು ಪ್ಯಾಂಟ್ ಹಾಕಿಕೊಂಡು ಬಂದಿದ್ದರು. ಗಂಡಸರಿಗೂ ನಿಯಮ ಇದೆ, ಕಾಲು ಪೂರ್ತಿ ಮುಚ್ಚಬೇಕು ಅನ್ನೋದು ಅಷ್ಟು ದಿನ ಓದಿದವರ ಕಣ್ಣಿಗೆ ಬಿದ್ದೇ ಇರಲಿಲ್ಲ. ಬಟ್ಟೆ ವಿಷಯ ಅಂದರೆ ಹೆಂಗಸರ ವಿಷಯ ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಪಾಪ, ಅಣ್ಣನ ಕಾರಿನ ಡಿಕ್ಕಿಯಲ್ಲಿದ್ದ ಜಿಮ್ಮಿನ ಟ್ರ್ಯಾಕ್ ಪ್ಯಾಂಟ್ ಏರಿಸಿಕೊಂಡು ಬಂದರು, ಒಂದೇ ಕೈಯಲ್ಲಿ ಸೊಂಟದ ಹತ್ತಿರ ಹಿಡಿದುಕೊಂಡು.

ಎರಡನೆಯದು ಅಮ್ಮ. ಅಮ್ಮ ಉಟ್ಟಿದ್ದು ಮೈಸೂರು ಸಿಲ್ಕ್. ನಮ್ಮ ಕಡೆ ಅದಕ್ಕಿಂತ ಮರ್ಯಾದೆಯ ಉಡುಪು ಇನ್ನೊಂದಿಲ್ಲ, ಅಲ್ವಾ? ಬಾಗಿಲಲ್ಲಿದ್ದ ಹೆಂಗಸು ನಗುನಗುತ್ತಲೇ ತನ್ನ ಮಣಿಕಟ್ಟು ಮುಟ್ಟಿ, ಕೈ ಇಲ್ಲಿಯವರೆಗೆ ಮುಚ್ಚಬೇಕು ಅಂತ ತೋರಿಸಿದರು. ಅಮ್ಮ ಸೆರಗನ್ನು ತಲೆ ಮೇಲೆ ಹೊದ್ದು ಎರಡೂ ಭುಜ ಮುಚ್ಚಿಕೊಂಡರು. ಭುಜ ಮುಚ್ಚಿದರೆ ಸೊಂಟ ಕಾಣುತ್ತೆ, ಸೊಂಟಕ್ಕೆ ಎಳೆದರೆ ಕೈ ಕಾಣುತ್ತೆ. ಐದೂವರೆ ಮೀಟರ್ ಬಟ್ಟೆ ಸುತ್ತಿಕೊಂಡೂ ಸಾಲದೇ ಹೋಯಿತು. "ಸೀರೆ ಉಟ್ಟಿದ್ದೀನಲ್ಲೇ, ಇನ್ನೇನು ಬೇಕಂತೆ ಇವರಿಗೆ?" ಅಂತ ಅಮ್ಮನಿಗೆ ನಿಜಕ್ಕೂ ಬೇಜಾರಾಯಿತು. ನಾನೂ ಅಲ್ಲಿಯವರೆಗೆ ಯೋಚಿಸಿರಲಿಲ್ಲ. ನಮಗೆ ಸೊಂಟ ಕಂಡರೆ ಏನೂ ಅಲ್ಲ, ಮಂಡಿ ಕಂಡರೆ ಮುಖ ಸಿಂಡರಿಸುತ್ತೇವೆ. ಅವರ ಲೆಕ್ಕ ಬೇರೆ, ಅಷ್ಟೇ. ಪಕ್ಕದ ಅಂಗಡಿಯಲ್ಲಿ ಅಬಾಯಾ, ಅಂದರೆ ಮೈ ಪೂರ್ತಿ ಮುಚ್ಚುವ ಸಡಿಲ ನಿಲುವಂಗಿ, ಬಾಡಿಗೆಗೆ ಸಿಕ್ಕಿತು.

ಮಸೀದಿಯಲ್ಲಿ ತಲೆ ಮುಚ್ಚಿಕೊಂಡು ತೆಗೆಸಿದ ಫೋಟೋ ಹಾಕಿದ್ದಕ್ಕೇ ಹೋದ ವಾರ ಒಬ್ಬರು "ಅವರ ದೇಶದಲ್ಲಿ ನಾವ್ಯಾಕೆ ತಲೆ ಮುಚ್ಚಬೇಕು" ಅಂತ ಜಗಳಕ್ಕೆ ಬಂದಿದ್ದು. ಧರ್ಮಸ್ಥಳದಲ್ಲಿ ಗಂಡಸರು ಅಂಗಿ, ಬನಿಯನ್ ಎರಡೂ ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡು ಸಾಲಿನಲ್ಲಿ ನಿಲ್ಲುವುದಿಲ್ಲವಾ? ಅಲ್ಲಿ ಯಾರೂ ಹಕ್ಕಿನ ಮಾತು ಎತ್ತಿದ್ದು ನಾನು ಕೇಳಿಲ್ಲ. ಅಲ್ಲಿ ಮೈ ಬಿಡುವುದು ಗೌರವ, ಇಲ್ಲಿ ಮುಚ್ಚುವುದು ಗೌರವ. ಗೋಕರ್ಣದ ರಥಬೀದಿಯಲ್ಲಿ ಫಾರಿನ್ನವರು ಬೀಚಿನ ಬಟ್ಟೆಯಲ್ಲಿ ಓಡಾಡಿದರೆ ಗೊಣಗುವವರೂ ನಾವೇ ತಾನೇ.

ಆದರೆ ಒಂದು ಮಾತು. ಇದನ್ನೆಲ್ಲ ನಾನು ಒಮಾನಿನ ಬಗ್ಗೆ ಹೇಳುತ್ತಿದ್ದೇನೆ. ಅಲ್ಲಿ ಮಸೀದಿಯ ಹೊರಗೆ ತಲೆ ಮುಚ್ಚು ಅಂತ ನನಗೆ ಯಾರೂ ಹೇಳಲಿಲ್ಲ. ಸೌದಿಯಲ್ಲೂ 2019ರಲ್ಲಿ ಟೂರಿಸ್ಟ್ ವೀಸಾ ಶುರುವಾದಾಗ ಹೊರಗಿನ ಹೆಂಗಸರಿಗೆ ಅಬಾಯಾ ಕಡ್ಡಾಯ ಅಲ್ಲ, ಮೈ ಮುಚ್ಚುವ ಬಟ್ಟೆ ಇದ್ದರೆ ಸಾಕು ಅಂದರು. ಇರಾನಿನದು ಬೇರೆ ಕಥೆ. ಅಲ್ಲಿ ತಲೆವಸ್ತ್ರ ಕಾನೂನು, ಟೂರಿಸ್ಟರಿಗೂ ಸೇರಿ. 2022ರಲ್ಲಿ, ತಲೆವಸ್ತ್ರ ಸರಿಯಾಗಿ ಹಾಕಿಲ್ಲ ಅಂತ ಪೊಲೀಸರು ಹಿಡಿದುಕೊಂಡು ಹೋದ ಮಹ್ಸಾ ಅಮೀನಿ ಅನ್ನೋ ಹುಡುಗಿ ಸತ್ತ ಮೇಲೆ ಅಲ್ಲಿಯ ಹೆಂಗಸರೇ ಬೀದಿಗೆ ಬಂದರು. ನಾನು ಅಲ್ಲಿಗೆ ಹೋದರೆ ಹಾಕಿಕೊಳ್ಳುತ್ತೇನೆ, ಬೇರೆ ದಾರಿ ಇಲ್ಲ. ಆದರೆ ಅದನ್ನು ಗೌರವ ಅಂತ ಮಾತ್ರ ಕರೆಯಲಾರೆ. ಒಬ್ಬರ ಮನೆಗೆ ಹೋದಾಗ ಚಪ್ಪಲಿ ಹೊರಗೆ ಬಿಡುವುದು ಬೇರೆ, ಆ ಮನೆಯ ಸೊಸೆಗೆ ಮಾವ ಹೊರಗೆ ಹೋಗಬೇಡ ಅನ್ನುವುದು ಬೇರೆ.

ಇನ್ನು ಏನು ಹಾಕಿಕೊಳ್ಳಬೇಕು ಅಂತ ಇನ್‌ಬಾಕ್ಸಿನಲ್ಲಿ ಕೇಳಿದವರಿಗೆ: ನಿಮ್ಮ ಬೀರುವಿನಲ್ಲೇ ಇದೆ. ತುಂಬು ತೋಳಿನ ಕಾಟನ್ ಕುರ್ತಾ, ಸಡಿಲ ಪಲಾಜೋ, ದುಪಟ್ಟಾ. ಬಿಳಿ ತೆಳು ಕಾಟನ್ ಬೇಡ, ಆ ಬಿಸಿಲಿಗೆ ಒಳಗಿನದೆಲ್ಲ ಕಾಣುತ್ತೆ. ಜಾರ್ಜೆಟ್ ದುಪಟ್ಟಾ ತಲೆ ಮೇಲೆ ನಿಲ್ಲುವುದೇ ಇಲ್ಲ, ನಾನು ಮಸೀದಿಯೊಳಗೆ ಮೇಲೆ ನೋಡುವುದಕ್ಕಿಂತ ದುಪಟ್ಟಾ ಎಳೆದುಕೊಂಡಿದ್ದೇ ಜಾಸ್ತಿ. ಮೇಲೆ ನೋಡಬೇಕು ಮತ್ತೆ, 14 ಮೀಟರ್ ಎತ್ತರದ ತೂಗುದೀಪ ಇದೆ! ಎರಡು ಪಿನ್ನು ಇಟ್ಟುಕೊಳ್ಳಿ. ಚಪ್ಪಲಿ ಬಿಡಬೇಕು, ಸಾಕ್ಸ್ ಇದ್ದರೆ ಒಳ್ಳೆಯದು. ನಾವು ಹೋದಾಗ ಮುಸ್ಲಿಮರಲ್ಲದವರಿಗೆ ಬೆಳಗ್ಗೆ 8ರಿಂದ 11 ಮಾತ್ರ, ಶುಕ್ರವಾರ ಇಲ್ಲ. ವಾದಿ ಶಾಬ್ ಅನ್ನೋ ಕಣಿವೆಯ ಹೊಳೆಯಲ್ಲಿ ನೀರಿಗೆ ಇಳಿಯುವುದಾದರೆ ಲೆಗ್ಗಿಂಗ್ಸ್ ಮೇಲೊಂದು ಟೀ ಶರ್ಟ್ ಸಾಕು, ಊರಿನ ಸಂಸಾರಗಳೂ ಬಂದಿರುತ್ತವೆ. ಮಸ್ಕತ್ತಿನ ರೂವಿ ಬಡಾವಣೆ ಕಡೆ ಹೋದರೆ ಎಲ್ಲೆಲ್ಲೂ ನಮ್ಮವರೇ, ಯಾರೂ ತಿರುಗಿಯೂ ನೋಡುವುದಿಲ್ಲ.

ಮೈ ಮುಚ್ಚಿದರೆ ಮುಗಿಯಿತು ಅಂತಲೂ ಅಲ್ಲ. 2013ರಲ್ಲಿ ಗಾಯಕಿ ರಿಹಾನ್ನಾ ಅಬುಧಾಬಿಯ ಶೇಖ್ ಜಾಯೆದ್ ಮಸೀದಿಗೆ ಹೋಗಿದ್ದಾಗ ತಲೆಯಿಂದ ಕಾಲಿನವರೆಗೆ ಕಪ್ಪು ಬಟ್ಟೆಯಲ್ಲೇ ಇದ್ದರು. ಆದರೂ ಹೊರಗೆ ಹೋಗಿ ಅಂದರು, ಫೋಟೋಗೆ ಕೊಟ್ಟ ಪೋಸುಗಳಿಂದ. ನಮ್ಮ ಜೊತೆಗಿದ್ದ ಗುಂಪಿನಲ್ಲೂ ಒಬ್ಬಳು ಬಾಡಿಗೆ ಅಬಾಯಾ ಗಿರಗಿರ ತಿರುಗಿಸುತ್ತಾ ರೀಲ್ಸ್ ಮಾಡುತ್ತಿದ್ದಳು, ಹಿಂದೆ ಒಬ್ಬ ಅಜ್ಜ ನಮಾಜಿಗೆ ಕೂತಿದ್ದರು. ನನಗೆ ನಾಚಿಕೆ ಆಯಿತು.

ಒಳಗೆ ಹೋದ ಮೇಲೆ ಅಮ್ಮನ ಕೋಪ ಇಳಿಯಿತು. ಕೆಳಗೆ ಹಾಸಿರುವ ಕಾರ್ಪೆಟ್ಟು 21 ಟನ್ನಂತೆ, 170 ಕೋಟಿ ಗಂಟುಗಳಂತೆ, ಇರಾನಿನ ಹೆಂಗಸರು ನಾಲ್ಕು ವರ್ಷ ಕೂತು ನೇಯ್ದಿದ್ದಂತೆ. ಕಸೂತಿ ಹಾಕುವ ಕೈ ಅಮ್ಮನದು, ಬಗ್ಗಿ ಬಗ್ಗಿ ನೋಡಿದರು. ಆಮೇಲೆ ಅಣ್ಣ ಕಟ್ಟಡದ ಕಲ್ಲು ತೋರಿಸಿ, ಇಷ್ಟೂ ಇಂಡಿಯಾದಿಂದ ಹಡಗಿನಲ್ಲಿ ಬಂದ ಮರಳುಗಲ್ಲು, 3 ಲಕ್ಷ ಟನ್ ಅಂದ. ಅಮ್ಮ ಗೋಡೆ ಮೇಲೆ ಕೈಯಿಟ್ಟು "ಕಲ್ಲು ನಮ್ಮದು, ಸೆರಗು ಮಾತ್ರ ಸಾಲದಂತೆ!" ಅಂದರು. ಅಣ್ಣ ನಕ್ಕಿದ್ದು ಆ ಇಡೀ ಹಾಲಿಗೆ ಕೇಳಿಸಿತು.

ಸಂಜೆ ಮತ್ರಾ ಸೂಕಿಗೆ, ಅಂದರೆ ಅಲ್ಲಿಯ ಹಳೆ ಮಾರುಕಟ್ಟೆಗೆ ಹೋದೆವು. ಲುಬಾನ್ ಅನ್ನೋ ಅವರ ಧೂಪದ ಹೊಗೆ ನಮ್ಮ ಸಾಂಬ್ರಾಣಿಯ ಹಾಗೇ ಮೂಗಿಗೆ ಅಡರುತ್ತಿತ್ತು. ನಾವೆಲ್ಲ ಖರ್ಜೂರ ನೋಡುತ್ತಿದ್ದರೆ ಅಮ್ಮ ಅಬಾಯಾ ಅಂಗಡಿಯ ಮುಂದೆ ನಿಂತುಬಿಟ್ಟಿದ್ದಾರೆ. ಬೆಲೆ ಕೇಳು ಅಂತ ಅಣ್ಣನಿಗೆ ಸನ್ನೆ. "ಏನಮ್ಮಾ, ನಿನಗ್ಯಾಕೆ?" ಅಂದೆ.

"ಅಲ್ವೇ, ಬೆಳಗ್ಗೆ ಹಾಲು ತರೋಕೆ ಹೋಗುವಾಗ ನೈಟಿ ಮೇಲೆ ಹಾಕಿಕೊಂಡರೆ ಎಷ್ಟು ಚೆನ್ನಾಗಿರುತ್ತೆ. ದುಪಟ್ಟಾ ಹುಡುಕೋ ಕೆಲಸಾನೇ ಇಲ್ಲ."