ಅಜ್ಜಿಗೆ ಒಂದು ಕಾಯಿಲೆಯೂ ಇಲ್ಲ

ಅಣ್ಣನ ಮಗಳು ಪಿಎ ಆಗ್ತಾಳಂತೆ ಅಂತ ತಿಪಟೂರಿಗೆ ಫೋನ್ ಮಾಡಿ ಹೇಳಿದಾಗ ನಮ್ಮಮ್ಮ ಕೇಳಿದ ಮೊದಲ ಪ್ರಶ್ನೆ, "ಯಾವ ಮಿನಿಸ್ಟರಿಗೆ?"

ಅವರ ತಪ್ಪೇನಿಲ್ಲ. ನಮ್ಮ ಕಡೆ ಪಿಎ ಅಂದರೆ ಮಂತ್ರಿಗಿಂತ ಒಂದು ಕೈ ಮೇಲೆ. ವರ್ಗಾವಣೆ ಬೇಕಾದವರು ಮಂತ್ರಿಗೆ ಹಾರ ಹಾಕ್ತಾರೆ, ಆದರೆ ಹಿಡಿಯೋದು ಪಿಎನ್ನ. ಇದು ಆ ಪಿಎ ಅಲ್ಲಮ್ಮ, ಅಮೆರಿಕದ ಫಿಸಿಷಿಯನ್ ಅಸಿಸ್ಟೆಂಟ್ ಅಂದೆ. "ಓ, ಕಾಂಪೌಂಡರ್ರು" ಅಂದರು. ಅದೂ ಅಲ್ಲ ಅಂತ ಬಿಡಿಸಿ ಹೇಳೋಕೆ ಕಾಲು ಗಂಟೆ ಹಿಡಿಯಿತು. ರೋಗಿಯನ್ನು ಪರೀಕ್ಷೆ ಮಾಡ್ತಾರೆ, ಏನು ಕಾಯಿಲೆ ಅಂತ ಹೇಳ್ತಾರೆ, ಔಷಧಿ ಬರೆದುಕೊಡ್ತಾರೆ, ಆಪರೇಷನ್ನಲ್ಲಿ ಸರ್ಜನ್ ಪಕ್ಕ ನಿಂತು ಕೈ ಜೋಡಿಸ್ತಾರೆ, ಓದು ಹೆಚ್ಚುಕಡಿಮೆ 27 ತಿಂಗಳು. ಎಲ್ಲಾ ಕೇಳಿ ಅಮ್ಮ, "ಅಷ್ಟೆಲ್ಲಾ ಮಾಡೋದಾದ್ರೆ ಡಾಕ್ಟರೇ ಆಗಬಹುದಿತ್ತಲ್ಲ?" ಅಂದರು. ಇದೇ ಪ್ರಶ್ನೆಯನ್ನು ಮುಂದೆ ಇಂಟರ್‌ವ್ಯೂನಲ್ಲಿ ಕೋಟು ಹಾಕಿಕೊಂಡವರು ಮೂರು ಜನ ಸೇರಿ ಕೇಳ್ತಾರೆ ಅಂತ ಆಗ ನನಗೆ ಗೊತ್ತಿರಲಿಲ್ಲ.

ಈ ಕೋರ್ಸ್ ಹುಟ್ಟಿದ ಕಥೆ ಚೆನ್ನಾಗಿದೆ. 1965ರಲ್ಲಿ ಉತ್ತರ ಕೆರೊಲಿನಾದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಯೂಜೀನ್ ಸ್ಟೆಡ್ ಅನ್ನೋ ಡಾಕ್ಟರು ಇದನ್ನು ಶುರು ಮಾಡಿದರು. ದೇಶದಲ್ಲಿ ಡಾಕ್ಟರುಗಳು ಸಾಲದು. ಇನ್ನೊಂದು ಕಡೆ ನೌಕಾಪಡೆಯಲ್ಲಿ ಗಾಯಾಳುಗಳನ್ನು ನೋಡಿಕೊಂಡು ಕೈ ಪಳಗಿದ ಹುಡುಗರು, ಊರಿಗೆ ವಾಪಸ್ ಬಂದ ಮೇಲೆ ಆ ವಿದ್ಯೆಗೆ ಬೆಲೆಯೇ ಇಲ್ಲದೆ ಕೂತಿದ್ದಾರೆ. ಎರಡನ್ನೂ ಸೇರಿಸಿದರು. ಮೊದಲ ತಂಡಕ್ಕೆ ಸೇರಿದವರು ನಾಲ್ಕೇ ಜನ, 1967ರಲ್ಲಿ ಮುಗಿಸಿದವರು ಮೂವರು. ಕೆಲಸ ಬರುತ್ತೆ ಅಲ್ವಾ, ಬಾ, ಇನ್ನೆರಡು ವರ್ಷ ಹೇಳಿಕೊಡ್ತೀವಿ, ಅಷ್ಟೇ ಲೆಕ್ಕ.

ಆ ನಾಲ್ವರು ಇವತ್ತು ಅರ್ಜಿ ಹಾಕಿದ್ದರೆ ಏನಾಗ್ತಿತ್ತು ಅಂತ ನಮ್ಮ ಹುಡುಗಿಯ ಫಾರಂ ನೋಡಿದಾಗಿನಿಂದ ಯೋಚಿಸ್ತಾ ಇದ್ದೀನಿ. ಮೊದಲ ಸುತ್ತಲ್ಲೇ ಹೊರಗೆ. ಆರ್ಗಾನಿಕ್ ಕೆಮಿಸ್ಟ್ರಿ ಮಾಡಿಲ್ಲ. ಲೀಡರ್‌ಶಿಪ್ ಕಾಲಂ ಖಾಲಿ (ಸಮುದ್ರದ ಮಧ್ಯೆ ಒಬ್ಬನೇ ಹತ್ತು ಜನರಿಗೆ ಪಟ್ಟಿ ಕಟ್ಟಿದ್ದು ಯಾವ ಕ್ಲಬ್ಬಿನ ಅಧ್ಯಕ್ಷನಾಗಿ ಅಂತ ನಮೂದಿಸಿಲ್ಲ). ಎಲ್ಲಕ್ಕಿಂತ ದೊಡ್ಡ ಕೊರತೆ, ಒಬ್ಬ ಪಿಎ ಹಿಂದೆ ನೆರಳಿನ ಥರ ಓಡಾಡಿದ ಗಂಟೆಗಳು ಸೊನ್ನೆ, ಪಿಎ ಕೊಟ್ಟ ಶಿಫಾರಸು ಪತ್ರವೂ ಇಲ್ಲ. ಆಗ ಭೂಮಿ ಮೇಲೆ ಒಬ್ಬ ಪಿಎ ಕೂಡ ಇರಲಿಲ್ಲ ಅಂದರೆ ಕಂಪ್ಯೂಟರ್ ಕೇಳುತ್ತಾ? ಕೆಂಪು ನಕ್ಷತ್ರ ಹಾಕಿರುವ ಕಾಲಂ ತುಂಬಲೇಬೇಕು.

ಫಾರಂ ಅಂದೆನಲ್ಲ, ಅದರ ಹೆಸರು ಕ್ಯಾಸ್ಪಾ. ದೇಶದ ಬಹುತೇಕ ಪಿಎ ಸ್ಕೂಲುಗಳಿಗೆ ಇದೊಂದೇ ಬಾಗಿಲು, ಪ್ರತಿವರ್ಷ ಏಪ್ರಿಲ್ ಕೊನೆಗೆ ತೆಗೆಯುತ್ತೆ. ಒಂದೇ ಫಾರಂ, ಎಲ್ಲಾ ಸ್ಕೂಲಿಗೂ ಹೋಗುತ್ತೆ ಅಂದಾಗ ನಾನು ಖುಷಿಪಟ್ಟೆ. ಫಾರಂ ಒಂದೇ, ದುಡ್ಡು ಮಾತ್ರ ಬೇರೆ ಬೇರೆ. ಮೊದಲ ಸ್ಕೂಲಿಗೆ 180 ಡಾಲರ್ ಮೇಲೆ, ಆಮೇಲೆ ಒಂದೊಂದಕ್ಕೂ 60 ಡಾಲರ್ ಮೇಲೆ. ಹನ್ನೆರಡು ಸ್ಕೂಲು ಆರಿಸುವಷ್ಟರಲ್ಲಿ 800 ದಾಟಿತು. ಅದಾದ ಮೇಲೆ ಕೆಲವು ಸ್ಕೂಲುಗಳು ತಮ್ಮದೇ ಇನ್ನೊಂದು ಪುಟ್ಟ ಅರ್ಜಿ ಕಳಿಸ್ತವೆ, ಅದಕ್ಕೆ ಪುಟ್ಟ ಫೀಸು. ದೇವಸ್ಥಾನದಲ್ಲಿ ದೊಡ್ಡ ಹುಂಡಿ ದಾಟಿ ಒಳಗೆ ಹೋದರೆ ಪರಿವಾರ ದೇವತೆಗಳ ಮುಂದೆ ಒಂದೊಂದು ತಟ್ಟೆ ಇರುತ್ತಲ್ಲ, ಹಾಗೆ.

ಕಾಲೇಜಿನ ನಾಲ್ಕು ವರ್ಷದಲ್ಲಿ ಓದಿದ ಪ್ರತಿ ವಿಷಯವನ್ನೂ, ಬಂದ ಪ್ರತಿ ಗ್ರೇಡನ್ನೂ ಅಭ್ಯರ್ಥಿಯೇ ಕೂತು ಟೈಪ್ ಮಾಡಬೇಕು. ಕಾಲೇಜು ಅಧಿಕೃತ ಅಂಕಪಟ್ಟಿ ಕಳಿಸೇ ಕಳಿಸುತ್ತೆ, ಆದರೂ ಮಾಡಬೇಕು. ಇನ್ನೊಂದು ಮಜಾ ಕೇಳಿ. ನಮ್ಮ ಹುಡುಗಿ ಮೊದಲ ವರ್ಷ ಕೆಮಿಸ್ಟ್ರಿಯಲ್ಲಿ ಸಿ ತಗೊಂಡಳು. ಮತ್ತೆ ಅದೇ ಕ್ಲಾಸಿಗೆ ಕೂತು, ಮತ್ತೆ ದುಡ್ಡು ಕಟ್ಟಿ, ಎ ತಗೊಂಡಳು. ಅವಳ ಕಾಲೇಜು ಹಳೇದನ್ನು ಮರೆತುಬಿಟ್ಟಿತು. ಕ್ಯಾಸ್ಪಾ ಮರೆಯಲ್ಲ. ಎರಡನ್ನೂ ಹಿಡಿದು ಸರಾಸರಿ ಹಾಕುತ್ತೆ. ಚಿತ್ರಗುಪ್ತನ ಲೆಕ್ಕದಲ್ಲಾದರೂ ಪಾಪಕ್ಕೆ ಪ್ರಾಯಶ್ಚಿತ್ತ ಅಂತ ಒಂದಿದೆ.

ಈಗ ಗಂಟೆಗಳ ವಿಷಯಕ್ಕೆ ಬರ್ತೀನಿ, ಯಾಕಂದರೆ ನನ್ನ ತಲೆ ಕೆಟ್ಟಿದ್ದು ಅಲ್ಲೇ.

ಬಹಳಷ್ಟು ಸ್ಕೂಲುಗಳಿಗೆ ಅರ್ಜಿ ಹಾಕೋ ಮೊದಲೇ ರೋಗಿಗಳ ಸೇವೆ ಮಾಡಿದ ಅನುಭವ ಇರಬೇಕು. ಒಂದು ಕಡೆ 500 ಗಂಟೆ, ಇನ್ನೊಂದು ಕಡೆ 1000, ಮತ್ತೊಂದು ಕಡೆ 2000. ಉದ್ದೇಶ ಒಳ್ಳೇದೇ, ಆ ನೌಕಾಪಡೆ ಹುಡುಗರ ನೆನಪಿಗೆ ಇಟ್ಟುಕೊಂಡಿದ್ದು. ಆದರೆ ಎಲ್ಲಾ ಸೇವೆಯೂ ಸೇವೆಯಲ್ಲ. ರೋಗಿಯ ರಕ್ತ ತೆಗೆದರೆ ಅದು 'ಪೇಷೆಂಟ್ ಕೇರ್'. ಅದೇ ರೋಗಿಯನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಎಕ್ಸ್‌ರೇಗೆ ತಳ್ಳಿಕೊಂಡು ಹೋದರೆ ಅದು 'ಹೆಲ್ತ್ ಕೇರ್', ಒಂದು ಮೆಟ್ಟಿಲು ಕೆಳಗೆ. ಡಾಕ್ಟರ ಪಕ್ಕ ಕೂತು ಟಿಪ್ಪಣಿ ಬರೆಯೋ ಸ್ಕ್ರೈಬ್ ಕೆಲಸ ಒಂದು ಸ್ಕೂಲಿಗೆ ಮೇಲುಜಾತಿ, ಪಕ್ಕದ ಊರಿನ ಸ್ಕೂಲಿಗೆ ಕೀಳುಜಾತಿ. ಈ ವಿಂಗಡಣೆ ನೋಡಿ ನಮ್ಮ ಊರಿನ ಹಳೇ ಪಂಕ್ತಿ ಊಟ ನೆನಪಾಯಿತು, ಯಾರ ಪಕ್ಕ ಯಾರು ಕೂರಬೇಕು ಅಂತ ತೀರ್ಮಾನ ಆಗೋ ಹೊತ್ತಿಗೆ ಸಾರು ತಣ್ಣಗಾಗಿರ್ತಿತ್ತು.

ಹುಡುಗಿ ಒಂದು ವೃದ್ಧಾಶ್ರಮದಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿ ಸೇರಿದಳು. ಸಂಬಳ ಏನಂತ ಹೇಳಲ್ಲ, ಪಕ್ಕದ ಪಿಜ್ಜಾ ಅಂಗಡಿಯವನು ಜಾಸ್ತಿ ಕೊಡ್ತಾನೆ. ಮುದುಕರನ್ನು ಎಬ್ಬಿಸೋದು, ಸ್ನಾನ ಮಾಡಿಸೋದು, ಡೈಪರ್ ಬದಲಿಸೋದು, ಊಟ ತಿನ್ನಿಸೋದು. ರಾತ್ರಿ ಮನೆಗೆ ಬಂದು ಎಕ್ಸೆಲ್ ಶೀಟಿನಲ್ಲಿ ಗಂಟೆ ಬರೆಯೋದು. ಅಲ್ಲೊಬ್ಬ ಅಜ್ಜಿ, ಮರೆವಿನ ಕಾಯಿಲೆ, ಇವಳನ್ನು ತನ್ನ ಮಗಳು ಅಂದುಕೊಂಡಿದ್ದರಂತೆ, ದಿನಾ ಅದೇ ಹೆಸರಲ್ಲಿ ಕೂಗೋರು, ಇವಳೂ ಓಗೊಡೋಳು. ಒಂದು ರಾತ್ರಿ ಇವಳು ಕೈ ಹಿಡಿದು ಕೂತಿದ್ದಾಗಲೇ ಹೋದರು. ಆವತ್ತಿನ ಶೀಟಿನಲ್ಲಿ ಎಂಟೂವರೆ ಗಂಟೆ ಅಂತಿದೆ. ಫಾರಂನಲ್ಲಿ ಆ ಇಡೀ ಕೆಲಸವನ್ನು ವರ್ಣಿಸೋಕೆ 600 ಅಕ್ಷರ ಕೊಡ್ತಾರೆ, ಮಧ್ಯದ ಖಾಲಿ ಜಾಗವೂ ಲೆಕ್ಕಕ್ಕೆ.

ಆಮೇಲೆ ಪ್ರಬಂಧ. 'ನಾನು ಯಾಕೆ ಪಿಎ ಆಗಬೇಕು', 5000 ಅಕ್ಷರದೊಳಗೆ. ಇದಕ್ಕೆ ಹೇಳಿಕೊಡೋರು ಇದ್ದಾರೆ, ತಿದ್ದಿಕೊಡೋರು ಇದ್ದಾರೆ, ಎಲ್ಲಾ ದುಡ್ಡಿಗೆ. ಅವರು ಮೊದಲು ಕೇಳೋದೇ, ಮನೇಲಿ ಯಾರಿಗಾದ್ರೂ ಕಾಯಿಲೆ ಆಗಿತ್ತಾ? ಚಿಕ್ಕ ವಯಸ್ಸಲ್ಲಿ ಅಜ್ಜಿ ಹಾಸಿಗೆ ಹಿಡಿದಿದ್ದು, ಆಸ್ಪತ್ರೆಯ ಬಿಳಿ ಗೋಡೆ, ಅಲ್ಲೊಬ್ಬ ದಯಾಮಯಿ ಪಿಎ ಬಂದು ಭುಜದ ಮೇಲೆ ಕೈಯಿಟ್ಟಿದ್ದು, ಹೀಗೆ ಶುರುವಾದರೆ ಭೇಷ್. ನಮ್ಮ ದುರದೃಷ್ಟ ನೋಡಿ, ನಮ್ಮಮ್ಮನಿಗೆ 84 ವರ್ಷ, ಬಿಪಿ ಇಲ್ಲ, ಶುಗರ್ ಇಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ತೆಂಗಿನಕಾಯಿ ಲೆಕ್ಕ ಹಾಕ್ತಾರೆ. ಹುಡುಗಿ ಪಾಪ ಎರಡು ಸಲ ಫೋನ್ ಮಾಡಿ, "ಅಜ್ಜೀ, ನಿಂಗೆ ಯಾವತ್ತೂ ಏನೂ ಆಗೇ ಇಲ್ವಾ?" ಅಂತ ಕೇಳಿದಳು. "1979ರಲ್ಲಿ ಒಂದ್ಸಲ ನೆಗಡಿ ಆಗಿತ್ತು" ಅಂದರಂತೆ.

ನಮ್ಮ ಸಿಇಟಿ, ನೀಟುಗಳನ್ನು ನಾವು ಎಷ್ಟು ಬೈದಿದ್ದೀವಿ. ಒಂದು ದಿನದ ಪರೀಕ್ಷೆ, ಒಂದು ರ‍್ಯಾಂಕು, ಮಕ್ಕಳ ಜೀವ ಹಿಂಡ್ತಾರೆ, ನಿಜ. ಆದರೆ ಅವರು ನಿಮ್ಮ ಅಜ್ಜಿಯ ಆರೋಗ್ಯಕ್ಕೆ ಕಣ್ಣು ಹಾಕಿದ್ದಿಲ್ಲ.

ಹಾಗಂತ ಪರೀಕ್ಷೆ ತಪ್ಪಿತು ಅಂದುಕೊಳ್ಳಬೇಡಿ. ಕೆಲವು ಸ್ಕೂಲಿಗೆ ಉನ್ನತ ಓದಿನ ಪ್ರವೇಶ ಪರೀಕ್ಷೆಯಾದ ಜಿಆರ್‌ಇ ಬೇಕು. ಕೆಲವಕ್ಕೆ ಕ್ಯಾಸ್ಪರ್ ಅನ್ನೋದು ಬೇಕು. ಕ್ಯಾಸ್ಪಾ ಬೇರೆ, ಕ್ಯಾಸ್ಪರ್ ಬೇರೆ, ನಮ್ಮಣ್ಣ ಆರು ತಿಂಗಳು ಎರಡನ್ನೂ ಒಂದೇ ಅಂದುಕೊಂಡು ಬೈತಿದ್ದ. ಇದು ನಿಮ್ಮ ಒಳ್ಳೆತನ ಅಳೆಯೋ ಪರೀಕ್ಷೆ. ಒಂದು ಸಂಕಟದ ಸನ್ನಿವೇಶ ತೋರಿಸ್ತಾರೆ, ಗಡಿಯಾರ ಓಡ್ತಾ ಇರುತ್ತೆ, ನೀವು ಕನಿಕರದಿಂದ, ಆದರೆ ಬೇಗ ಬೇಗ, ಟೈಪ್ ಮಾಡಬೇಕು. ಕೊನೆಗೆ ಅಂಕ ಹೇಳಲ್ಲ, ಬರೆದವರನ್ನೆಲ್ಲಾ ಅಂಕದ ಪ್ರಕಾರ ನಾಲ್ಕು ಭಾಗ ಮಾಡಿ, ನೀವು ಯಾವ ಭಾಗಕ್ಕೆ ಸೇರಿದವರು ಅಂತ ಮಾತ್ರ ತಿಳಿಸ್ತಾರೆ. ನಮ್ಮ ಹುಡುಗಿಯ ಅಂತಃಕರಣ ಮೂರನೇ ಭಾಗದಲ್ಲಿ ಬಂತು. ಟೈಪಿಂಗ್ ಸ್ವಲ್ಪ ನಿಧಾನ.

ಇಷ್ಟಾದ ಮೇಲೆ ಒಂದು ಸ್ಕೂಲಿನಿಂದ ಇಂಟರ್‌ವ್ಯೂ ಬಂತು. ಎಮ್‌ಎಮ್‌ಐ ಅಂತಾರೆ, ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದವರು ಕಂಡುಹಿಡಿದಿದ್ದು (ಆ ಕ್ಯಾಸ್ಪರ್ ಕೂಡ ಅಲ್ಲಿನ ಸರಕೇ). ಒಂದು ಉದ್ದದ ಕಾರಿಡಾರು, ಸಾಲಾಗಿ ಬಾಗಿಲುಗಳು. ಬಾಗಿಲಿಗೆ ಅಂಟಿಸಿದ ಚೀಟಿಯನ್ನು ಎರಡು ನಿಮಿಷ ಓದಬೇಕು: ನಿಮ್ಮ ಜೊತೆಗಾರ ಕುಡಿದು ಡ್ಯೂಟಿಗೆ ಬಂದಿದ್ದಾನೆ, ಏನು ಮಾಡ್ತೀರಿ? ಬೆಲ್ ಹೊಡೆಯುತ್ತೆ, ಒಳಗೆ ಹೋಗಿ ಆರೇಳು ನಿಮಿಷ ಮಾತು, ಮತ್ತೆ ಬೆಲ್, ಮುಂದಿನ ಬಾಗಿಲು, ಹೊಸ ಪಾಪ.

ಇದರ ಮಧ್ಯೆ ಒಂದು ಗುಂಪು ಆಟ. ಆರು ಜನರ ಮುಂದೆ ಹಸಿ ಸ್ಪಗೆಟ್ಟಿ ಕಡ್ಡಿ, ಮಾರ್ಷ್‌ಮ್ಯಾಲೋ. ಗೋಪುರ ಕಟ್ಟಿ ಅಂದರು. ಮೂಲೆಯಲ್ಲಿ ಕೂತವರು ಟಿಪ್ಪಣಿ ಬರ್ಕೋತಾರೆ. ನಾಯಕತ್ವ ತೋರಿಸಬೇಕು, ಆದರೆ ದರ್ಪ ಕಾಣಬಾರದು ಅಂತ ಆರೂ ಜನ ಒಂದೇ ಯೂಟ್ಯೂಬ್ ವಿಡಿಯೋ ನೋಡಿಕೊಂಡು ಬಂದಿದ್ದಾರೆ. ಹಾಗಾಗಿ "ನಿಮ್ಮ ಐಡಿಯಾ ತುಂಬಾ ಚೆನ್ನಾಗಿದೆ, ಮೊದಲು ನೀವು ಹೇಳಿ", "ಇಲ್ಲ ಇಲ್ಲ, ನೀವು ಹೇಳಿ, ನಾನು ಕೇಳಿಸಿಕೊಳ್ತೀನಿ" ಅಂತ ಹತ್ತು ನಿಮಿಷ ನಡೀತಂತೆ. ಗೋಪುರ ಏಳಲೇ ಇಲ್ಲ. ಎಲ್ಲರೂ ಚೆನ್ನಾಗಿ ಕೇಳಿಸಿಕೊಂಡರು.

ಕೊನೆಗೆ ಬಂತು ಅಮ್ಮನ ಪ್ರಶ್ನೆ. ಡಾಕ್ಟರ್ ಯಾಕೆ ಆಗಲ್ಲ? ನಿಜವಾದ ಉತ್ತರ ಸುಲಭ. ಡಾಕ್ಟರ್ ಆಗೋಕೆ ನಾಲ್ಕು ವರ್ಷ ಓದಿ, ಮೇಲೆ ಕನಿಷ್ಠ ಮೂರು ವರ್ಷ ರೆಸಿಡೆನ್ಸಿ ಅಂತ ಆಸ್ಪತ್ರೆಯಲ್ಲಿ ತರಬೇತಿ ಮಾಡಬೇಕು, ಅಷ್ಟು ವರ್ಷ ಇಲ್ಲ, ಅಷ್ಟು ಸಾಲ ಬೇಡ, ರಾತ್ರಿ ನಿದ್ದೆ ಬೇಕು. ಇದನ್ನು ಹೇಳಿದರೆ ಕತೆ ಮುಗೀತು. ಹೆಣ್ಣು ನೋಡೋಕೆ ಹೋದ ಹುಡುಗನನ್ನು ಹುಡುಗಿಯ ಅಪ್ಪ, "ಹೌದಪ್ಪಾ, ದೊಡ್ಡ ಮಗಳೂ ಇದ್ದಾಳೆ, ಚಿಕ್ಕವಳನ್ನೇ ಯಾಕೆ ಕೇಳ್ತೀಯ?" ಅಂದರೆ ಹೇಗಿರುತ್ತೆ? ದೊಡ್ಡವಳನ್ನು ಹೀಗಳೆಯೋ ಹಾಗಿಲ್ಲ, ಚಿಕ್ಕವಳೇ ಅಗ್ಗ ಅನ್ನೋ ಹಾಗೂ ಇಲ್ಲ. ಆದ್ದರಿಂದ 'ನನಗೆ ತಂಡದಲ್ಲಿ ಕೆಲಸ ಮಾಡೋದು ಇಷ್ಟ' ಅನ್ನಬೇಕು. ಕೇಳಿದವರಿಗೂ ಗೊತ್ತು. ಅವರೂ ಹಿಂದೆ ಇದನ್ನೇ ಹೇಳಿ ಒಳಗೆ ಬಂದವರು.

ಇಷ್ಟೆಲ್ಲಾ ಸೋಸಿ ಆರಿಸೋ ಈ ಹುದ್ದೆಗೆ ಹೆಸರಾದರೂ ಗಟ್ಟಿಯಾಗಿದೆಯಾ? 'ಅಸಿಸ್ಟೆಂಟ್' ಅಂದರೆ ಜನ ಸಹಾಯಕ ಅಂದುಕೊಳ್ತಾರೆ ಅಂತ 2021ರಲ್ಲಿ ಅಮೆರಿಕದ ಪಿಎಗಳ ಸಂಘ 'ಫಿಸಿಷಿಯನ್ ಅಸೋಸಿಯೇಟ್' ಅಂತ ಬದಲಾಯಿಸೋ ನಿರ್ಣಯ ಮಾಡಿತು. ಡಾಕ್ಟರುಗಳ ಸಂಘ ಕೆಂಡವಾಯಿತು. ಅತ್ತ ಇಂಗ್ಲೆಂಡಿನಲ್ಲಿ ಮೊದಲೇ ಅಸೋಸಿಯೇಟ್ ಅಂತಿತ್ತು. ಅಲ್ಲಿ ಸರ್ಕಾರವೇ ಮಾಡಿಸಿದ 2025ರ ಲೆಂಗ್ ವರದಿ, ಜನಕ್ಕೆ ಗೊಂದಲ ಆಗ್ತಿದೆ, 'ಅಸಿಸ್ಟೆಂಟ್' ಅಂತ ಕರೀರಿ ಅಂದಿತು. ಅಟ್ಲಾಂಟಿಕ್ ಮಧ್ಯದಲ್ಲಿ ಎರಡು ಬೋರ್ಡುಗಳು ಎದುರುಬದುರಾಗಿ ಹಾದುಹೋದವು ಅನ್ನಿ. ಎಫ್‌ಡಿಎ, ಎಸ್‌ಡಿಎ ಪರೀಕ್ಷೆಗೆ ಲಕ್ಷಗಟ್ಟಲೆ ಜನ ಕೂರೋ ನಾಡಿನವರು ನಾವು, 'ಅಸಿಸ್ಟೆಂಟ್' ಅನ್ನೋದಕ್ಕೆ ಇವರೆಲ್ಲಾ ಯಾಕಿಷ್ಟು ನಾಚಿಕೊಳ್ತಾರೋ ನನಗಂತೂ ಅರ್ಥವಾಗಲಿಲ್ಲ.

ಇಂಟರ್‌ವ್ಯೂ ಆದ ಮೇಲೆ ಹುಡುಗಿಯನ್ನು ವೇಟ್‌ಲಿಸ್ಟಿನಲ್ಲಿ ಇಟ್ಟರು, ನಾಲ್ಕು ತಿಂಗಳ ಮೇಲೆ ಇಲ್ಲ ಅಂದರು. ಮುಂದಿನ ಸಲಕ್ಕೆ ಏನು ಸರಿ ಮಾಡಿಕೊಳ್ಳಲಿ ಅಂತ ಕೇಳಿದ್ದಕ್ಕೆ ಎರಡು ಸಲಹೆ ಬಂತು. ರೋಗಿಗಳ ಜೊತೆ ಇನ್ನಷ್ಟು ಗಂಟೆ ಕಳೆಯಿರಿ. ನಮ್ಮ ಆನ್‌ಲೈನ್ ಮಾಹಿತಿ ಸಭೆಗೆ ನೀವು ಬಂದಿರಲಿಲ್ಲ, ಆಸಕ್ತಿ ಕಡಿಮೆ ಅನಿಸಿತು. ಆ ಸಭೆ ನಡೆದ ಸಂಜೆ ಅವಳು ರೋಗಿಗಳ ಜೊತೆ ಗಂಟೆ ಕಳೆಯುತ್ತಿದ್ದಳು.

ಮೊನ್ನೆ ಇದನ್ನೆಲ್ಲಾ ತಿಪಟೂರಿಗೆ ವರದಿ ಮಾಡಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ನಿದ್ದರು. ಆಮೇಲೆ, "ಮುಂದಿನ ಅರ್ಜಿ ಯಾವಾಗ?" ಅಂದರು. ಏಪ್ರಿಲ್ ಕೊನೆಗೆ ಅಂದೆ.

"ಮಗೂನ ಕೇಳಿ ಹೇಳು, ಅವರಿಗೆ ಯಾವ ಕಾಯಿಲೆ ಬೇಕಂತೆ? ಅಷ್ಟರೊಳಗೆ ಏನಾದ್ರೂ ಮಾಡ್ಕೋತೀನಿ."