ದೇವರ ಹುದ್ದೆಗೆ ಹುಡುಗಿ ಬೇಕಾಗಿದ್ದಾಳೆ

ಅಮೆರಿಕದಲ್ಲಿ ಪ್ರೇಮಗೀತೆ ಬರೆಯಲು ಪ್ರೀತಿ ಮಾಡಿ ಗೊತ್ತಿರಬೇಕು ಅಂತೇನಿಲ್ಲ. ಒಂದು ಚರ್ಚಿನ ಹಾಡು, ಒಂದು ರಬ್ಬರ್ ಇದ್ದರೆ ಸಾಕು. ಯೇಸು ಎಂದಿರುವ ಕಡೆಯೆಲ್ಲ ಉಜ್ಜಿ, ಬೇಬಿ ಎಂದು ಬರೆಯಿರಿ. ರಾಗ, ಚಪ್ಪಾಳೆ, ಹಿಂದೆ ನಿಂತವರ ಕೋರಸ್, ಗಂಟಲು ಹರಿಯುವ ಆ ಕೂಗು, ಇವನ್ನು ಮಾತ್ರ ಮುಟ್ಟಬೇಡಿ. ಅದೆಲ್ಲ ಭಕ್ತರು ಹಾಡಿ ಹಾಡಿ ಪಳಗಿಸಿಟ್ಟ ಮಾಲು.

1954ರಲ್ಲಿ ಅಮೆರಿಕದ ಗಾಯಕ ರೇ ಚಾರ್ಲ್ಸ್ ಮಾಡಿದ್ದು ಇದನ್ನೇ. ಕಾರಿನ ರೇಡಿಯೋದಲ್ಲಿ ಸದರ್ನ್ ಟೋನ್ಸ್ ತಂಡದ ಗಾಸ್ಪೆಲ್, ಅಂದರೆ ಚರ್ಚಿನ ಭಕ್ತಿ ಹಾಡು, ಬರುತ್ತಿತ್ತು. ಅದರ ಧಾಟಿ ಹಿಡಿದು ಜೊತೆಗಾರನ ಸಂಗಡ 'ಐ ಗಾಟ್ ಎ ವುಮನ್' ಕಟ್ಟಿದರು. ಮರುವರ್ಷ ಅದು ಆರ್ ಆ್ಯಂಡ್ ಬಿ (ರಿದಮ್ ಆ್ಯಂಡ್ ಬ್ಲೂಸ್) ಜನಪ್ರಿಯ ಹಾಡುಗಳ ಪಟ್ಟಿಯ ತುದಿಗೆ ಏರಿತು. ಯೇಸು ಇದ್ದ ಜಾಗಕ್ಕೆ ಊರಿನ ಆಚೆ ತುದಿಯ ಹೆಂಗಸೊಬ್ಬಳು ಬಂದಳು. ಕಷ್ಟ ಅಂದರೆ ದುಡ್ಡು ಕೊಡುತ್ತಾಳಂತೆ. ದೇವರಾದರೆ ಮೊದಲು ಪರೀಕ್ಷೆ ಮಾಡುತ್ತಾನೆ, ಇವಳು ನೇರ ನಗದು. ಜನ ಯಾರ ಕಡೆ ಹೋಗುತ್ತಾರೆ, ನೀವೇ ಹೇಳಿ. 1955ರಲ್ಲಿ 'ದಿಸ್ ಲಿಟಲ್ ಲೈಟ್ ಆಫ್ ಮೈನ್' ಎಂಬ ಭಕ್ತಿಗೀತೆಯ ಸರದಿ. ಬೆಳಕು ಆರಿಸಿದರು, ಹುಡುಗಿಯನ್ನು ಕರೆತಂದರು.

ಇನ್ನೊಬ್ಬ ಗಾಯಕ ಸ್ಯಾಮ್ ಕುಕ್‌ಗೆ ಸ್ವಲ್ಪ ಸಂಕೋಚವಿತ್ತು. ಸೋಲ್ ಸ್ಟಿರರ್ಸ್ ಎಂಬ ಗಾಸ್ಪೆಲ್ ತಂಡದಲ್ಲಿ ದೇವರಿಗೆ ಹಾಡಿದ್ದ 'ವಂಡರ್‌ಫುಲ್' ಅನ್ನೇ ಹುಡುಗಿಗೆ 'ಲವಬಲ್' ಮಾಡಿ, 1957ರಲ್ಲಿ ಡೇಲ್ ಕುಕ್ ಎಂಬ ಹೆಸರಲ್ಲಿ ಹೊರತಂದರು. ಮೊದಲ ಹೆಸರು ಬದಲಾಯಿತು. ಕುಕ್ ಹಾಗೇ ಉಳಿಯಿತು, ಗಂಟಲೂ ಹಾಗೇ ಉಳಿಯಿತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ.

ನನಗೆ ಅಯ್ಯೋ ಪಾಪ ಅನ್ನಿಸುವುದು ದೇವರ ಬಗ್ಗೆ ಅಲ್ಲ, ಈ ಹುಡುಗಿಯ ಬಗ್ಗೆ. ಕೆಲಸಕ್ಕೆ ಸೇರಿಸಿಕೊಳ್ಳುವಾಗ ಯಾರೂ ಏನೂ ಹೇಳಲಿಲ್ಲ. ಹಿಂದೆ ಆ ಜಾಗದಲ್ಲಿ ಇದ್ದವನ ಕೆಲಸದ ಪಟ್ಟಿಯನ್ನೇ ಕೈಗಿಟ್ಟರು. ಕತ್ತಲಲ್ಲಿ ದಾರಿ ತೋರಿಸಬೇಕು. ಮುಳುಗುವವನನ್ನು ಎತ್ತಬೇಕು. ಬೆಟ್ಟ ಕುಸಿದು ಸಮುದ್ರಕ್ಕೆ ಬಿದ್ದರೂ ಪಕ್ಕ ಬಿಟ್ಟು ಕದಲಬಾರದು. ನಾನು ಸುಮ್ನೆ ಉಪ್ಪುಖಾರ ಹಚ್ಚುತ್ತಿಲ್ಲ. ಗಾಸ್ಪೆಲ್ ಬೇರಿನ 'ಸ್ಟ್ಯಾಂಡ್ ಬೈ ಮಿ'ಯಲ್ಲಿ 1961ರಲ್ಲಿ ಗಾಯಕ ಬೆನ್ ಇ. ಕಿಂಗ್ ಕೇಳಿಕೊಂಡದ್ದು ಈ ಕೊನೆಯದನ್ನೇ. ಬೈಬಲ್ಲಿನ 46ನೇ ಕೀರ್ತನೆಯಲ್ಲಿ ಬೆಟ್ಟ ಬೀಳುವಾಗ ಆಸರೆಯಾಗುವವನು ದೇವರು. ಹಾಡಿನಲ್ಲಿ ಆ ಡ್ಯೂಟಿ ಡಾರ್ಲಿಂಗ್‌ಗೆ ಬಿದ್ದಿದೆ. ಬೆಟ್ಟ ಹಿಡಿದು ನಿಲ್ಲಿಸಿದ ಅನುಭವ ಇದೆಯೇನಮ್ಮ ಎಂದು ಒಬ್ಬರಾದರೂ ಕೇಳಬೇಡವೇ? ವಾರದ ರಜೆಯೂ ಇಲ್ಲ. ಸೃಷ್ಟಿ ಮಾಡಿದವನೇ ಏಳನೇ ದಿನ ವಿಶ್ರಾಂತಿ ತಗೊಂಡ. ಇವಳು ಒಂದು ಸಂಜೆ ಫೋನ್ ಎತ್ತದಿದ್ದರೆ, ಕೈಬಿಟ್ಟಳು ಎಂದು ಇನ್ನೊಂದು ಹಾಡು ತಯಾರು. ಅದರ ರಾಗವೂ ಬಹುಶಃ ಚರ್ಚಿನದೇ.

ಇತ್ತ ಭಕ್ತರಿಗೆ ಸಿಟ್ಟು. ನಮ್ಮ ಪವಿತ್ರ ರಾಗ ಕೆಟ್ಟಿತು ಅಂತ. ಆದರೆ ರಾಗದ ಜಾತಕ ತೆಗೆಯಲು ಹೋಗಬಾರದು. ಜರ್ಮನಿಯ ಸಂಗೀತಗಾರ ಹಾನ್ಸ್ ಲಿಯೋ ಹಾಸ್ಲರ್ 1601ರಲ್ಲಿ ಒಂದು ಪ್ರೇಮಗೀತೆ ಪ್ರಕಟಿಸಿದರು. ಒಬ್ಬಳು ನನ್ನ ತಲೆ ಕೆಡಿಸಿದ್ದಾಳೆ ಎಂಬುದು ಅದರ ಸಾರ. ಹೆಚ್ಚು ವರ್ಷ ಕಳೆಯುವ ಮುಂಚೆಯೇ ಚರ್ಚು ಅದರ ಧಾಟಿಯನ್ನು ಎತ್ತಿಕೊಂಡಿತು. ಮುಂದೆ ಅದೇ ಧಾಟಿಯಲ್ಲಿ ಮುಳ್ಳಿನ ಕಿರೀಟ ತೊಟ್ಟ ಕ್ರಿಸ್ತನ ತಲೆಯ ಬಗ್ಗೆ ಹಾಡಿದರು. ಕೆಟ್ಟ ತಲೆ ಹೋಗಿ ಗಾಯದ ತಲೆ ಬಂತು. ಸಂಗೀತದ ಮಹಾನುಭಾವ ಬಾಖ್ ಅಂಥವರೇ ಅದನ್ನು, ಕ್ರಿಸ್ತನ ಯಾತನೆಯ ಕಥೆ ಹಾಡುವ ತಮ್ಮ ಮತ್ತಾಯನ ಪ್ಯಾಶನ್‌ನಲ್ಲಿ ಮತ್ತೆ ಮತ್ತೆ ಬಳಸಿದರು. ಆಗ ಪವಿತ್ರ ಪ್ರೇಮ ಕೆಟ್ಟಿತು ಎಂದು ಪ್ರೇಮಿಗಳು ಮೆರವಣಿಗೆ ಹೊರಟ ದಾಖಲೆ ನನ್ನ ಕಣ್ಣಿಗೆ ಬಿದ್ದಿಲ್ಲ. 1973ರಲ್ಲಿ ಅಮೆರಿಕದ ಗಾಯಕ ಪಾಲ್ ಸೈಮನ್ 'ಅಮೆರಿಕನ್ ಟ್ಯೂನ್' ಹಾಡಿನಲ್ಲಿ ಆ ಧಾಟಿಯನ್ನು ಪಾಪ್‌ಗೆ ವಾಪಸ್ ತಂದರು. ಆಗಲೂ ಹುಡುಗಿಗೆ ಜಾಗ ಸಿಗಲಿಲ್ಲ. ಈ ಸಲ ಅಮೆರಿಕಕ್ಕೆ ಬೇಜಾರಾಗಿತ್ತು.

ಈಗ ಹಾಡು ಬರೆಯುವವರು ಇನ್ನೂ ಜಾಣರು. ರಬ್ಬರೂ ಬೇಡ. ಹಾಡಿನ ತುಂಬ ಬರೀ 'ನೀನು'. ಬೆಳಿಗ್ಗೆ ಆರಾಧನೆಗೆ ಹಾಕಬಹುದು, ಸಂಜೆ ಮದುವೆ ಡ್ಯಾನ್ಸಿಗೂ ಆಗುತ್ತದೆ. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಗಾಸ್ಪೆಲ್ ಸಂಗೀತದವರ ಸಂಘವಾದ ಗಾಸ್ಪೆಲ್ ಮ್ಯೂಸಿಕ್ ಅಸೋಸಿಯೇಷನ್ 1998ರಲ್ಲಿ, ಯಾವ ಸಾಹಿತ್ಯ ಇದ್ದರೆ ಅದು ಗಾಸ್ಪೆಲ್ ಎಂದು ನಿಯಮವನ್ನೇ ಬರೆಯಿತು. ಈ ಉದ್ಯಮದಲ್ಲಿ 'ಜೀಸಸ್ ಪರ್ ಮಿನಿಟ್' ಎಂಬ ತಮಾಷೆಯ ಅಳತೆಯೂ ಓಡಾಡುತ್ತದೆ. ನಿಮಿಷಕ್ಕೆ ಎಷ್ಟು ಸಲ ಯೇಸು ಬಂದ ಅಂತ ಲೆಕ್ಕ. ಕಡಿಮೆಯಾದರೆ ಚರ್ಚಿನವರು ಮೂಗು ಮುರಿಯುತ್ತಾರೆ, ಜಾಸ್ತಿಯಾದರೆ ಪಾಪ್ ರೇಡಿಯೋದವರು ಬಾಗಿಲು ಹಾಕುತ್ತಾರೆ. ಬೇಬಿಗೆ ಮಾತ್ರ ಯಾವ ಮಿತಿಯೂ ಇಲ್ಲ. ನಿಮಿಷಕ್ಕೆ ನಲವತ್ತು ಸಲ ಕರೆದರೂ ಯಾವ ಸಮಿತಿಯೂ ಸಭೆ ಸೇರುವುದಿಲ್ಲ.